ನೆಲದೊಳಗಿನ ರೂಪಾಯಿ

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ವರ್ಷ, ಆಷಾಢ ಏಕಾದಶಿಗೆ ಎರಡು ದಿನ ಮೊದಲು, ಪಾರ್ವತೀಬಾಯಿ ಇಳಿಯಬಾರದ ಊರಲ್ಲಿ ಇಳಿದರು. ಅವರು ಹೋಗಬೇಕಾದದ್ದು ಮಹಾಗಾಂವಕ್ಕೆ, ತಂಗಿಯ ಮನೆಗೆ. ಕಲಬುರಗಿಯಲ್ಲಿ ಹತ್ತುವಾಗಲೇ ಕಂಡಕ್ಟರನಿಗೆ ಎರಡು ಸಲ ಹೇಳಿದ್ದರು. ಆದರೆ ಬಸ್ಸಿನಲ್ಲಿ ಕಾಲೂರಲು ಜಾಗವಿರಲಿಲ್ಲ. ಸೊನ್ನೆ ರೂಪಾಯಿಯ ಟಿಕೀಟು ಹರಿದು ಹರಿದು ಸೋತ ಕಂಡಕ್ಟರನಿಗೆ ಮಹಾಗಾಂವ ಕ್ರಾಸು ದಾಟಿದ್ದೇ ತಿಳಿಯಲಿಲ್ಲ. ಕಮಲಾಪುರದಲ್ಲಿ ಇಳಿಸಿ, "ಎದುರಿಗೆ ನಿಂದರ್ರಿ ಬಾಯಾರ, ಹೊಳ್ಳಿ ಹೋಗೋ ಗಾಡಿ ಈಗ ಬರ್ತದ" ಎಂದು ಸೀಟಿ ಊದಿ ಹೋಗಿಬಿಟ್ಟ.

ಎದುರಿಗೆ, ಹೆದ್ದಾರಿಯ ಅಂಚಿನಲ್ಲಿ, ಹಣ್ಣಿನ ಅಂಗಡಿಗಳ ಸಾಲು. ನಾಲ್ಕು ಕಂಬ, ಮೇಲೊಂದು ತಾಡಪತ್ರಿ, ಅಡ್ಡ ಬೊಂಬಿಗೆ ತೂಗುಬಿಟ್ಟ ಕೆಂಬಾಳೆ ಗೊನೆಗಳು. ಕೊನೆಯ ಅಂಗಡಿಯಲ್ಲಿ ನೆರಳು ಹೆಚ್ಚಿತ್ತು. ಅಲ್ಲಿ ಕೂತಿದ್ದವಳಿಗೆ ಐವತ್ತರ ಆಸುಪಾಸು ವಯಸ್ಸು. ಕೈತುಂಬ ಹಸಿರು ಬಳೆ, ಹಣೆಯ ತುಂಬ ಕುಂಕುಮ.

"ಕುಂದರ್ರಿ ಬಾಯಾರ" ಎಂದಳು. "ಹಣ್ಣು ತಗೊಂಡ್ರ ತಗೋರಿ, ಬಿಟ್ರ ಬಿಡ್ರಿ. ನೆರಳಿಗೇನು ರೊಕ್ಕ ಇಲ್ಲ."

ಪುಕ್ಕಟೆ ನೆರಳಿನಲ್ಲಿ ಸುಮ್ಮನೆ ಕೂರುವ ಸ್ವಭಾವ ಪಾರ್ವತೀಬಾಯಿಯವರದಲ್ಲ. "ಏಕಾದಶಿಗೆ ಬೇಕಾಗಿದ್ದವು" ಎಂದರು. "ಆದರ ಇವತ್ತು ಮಂಗಳವಾರ. ಗುರುವಾರದ ತನಕ ಇಟ್ಟರ ಮೆತ್ತಗಾಗಿ ಹೋಗ್ತಾವ."

ಅವಳು ಎದ್ದು ಗೊನೆಗಳ ಹತ್ತಿರ ನಿಂತಳು. ತೊಟ್ಟು ಹಣ್ಣಿಗೆ ಕೂಡುವ ಕಡೆ ಹೆಬ್ಬೆರಳನ್ನು ಮೆಲ್ಲಗೆ ಇಟ್ಟು, ಕೂಸಿನ ನೆತ್ತಿ ಮುಟ್ಟಿದ ಹಾಗೆ ಒತ್ತಿ ನೋಡಿದಳು. "ಇದು ಬುಧವಾರದ್ದು. ಇದು ಶುಕ್ರವಾರದ್ದು, ನಿಮಗ ಬ್ಯಾಡ. ಇದು ಗುರುವಾರದ್ದು. ಗುರುವಾರ ಎಷ್ಟೊತ್ತಿಗೆ ತಿಂತೀರಿ?"

"ಪೂಜಿ ಮುಗಿದ ಮ್ಯಾಲ. ಹನ್ನೆರಡು ಹೊಡೀತದ."

"ಹಾಂಗಾದ್ರ ಇದಲ್ಲ. ಇದು ಮುಂಜಾನಿದು." ಇನ್ನೊಂದು ಗೊನೆಗೆ ಕೈ ಹಾಕಿ ಅರ್ಧ ಡಜನ್ ಮುರಿದು ಕೊಟ್ಟಳು. "ಇದು ಹನ್ನೆರಡರ ಮ್ಯಾಲಿನದು."

ವ್ಯಾಪಾರದ ಮಾತು ಎಂದುಕೊಂಡು ಪಾರ್ವತೀಬಾಯಿ ಚೀಲಕ್ಕೆ ಹಾಕಿಕೊಂಡರು. ಆದರೂ ಗುರುವಾರ ಮುಂಜಾನೆ ಹತ್ತಕ್ಕೆ ಒಂದು ಹಣ್ಣು ಹಿಡಿದು ನೋಡಿದರು, ಸಿಪ್ಪೆ ಬಿಗಿಯಾಗಿತ್ತು. ಹನ್ನೆರಡೂವರೆಗೆ ನೋಡಿದರೆ, ಮಲಗಿದ ಮಗುವಿನ ಕುಪ್ಪಸ ತೆಗೆದಷ್ಟು ಹಗುರವಾಗಿ ಸಿಪ್ಪೆ ಕಳಚಿತು.

ಅಂದಿನಿಂದ ಹದಿನೈದು ದಿನಕ್ಕೊಮ್ಮೆ, ಪ್ರತಿ ಏಕಾದಶಿಗೆ ಎರಡು ದಿನ ಮುಂಚೆ, ಅವರು ಕಲಬುರಗಿಯಂಚಿನ ಕುಸನೂರಿನ ಮನೆಯಿಂದ ಹೊರಟು ಕಮಲಾಪುರಕ್ಕೆ ಹೋಗತೊಡಗಿದರು. ಮಗ ಸುಮಧ್ವ ನಕ್ಕ. "ಆಯಿ, ಕುಸನೂರಾಗ ಬಾಳಿಹಣ್ಣು ಸಿಗೂದಿಲ್ಲೇನು?"

"ಸಿಗ್ತಾವ. ವಾರ ಹೇಳೋರು ಸಿಗೂದಿಲ್ಲ."

ಅವಳ ಹೆಸರು ಬಂಡೆಮ್ಮ. ಅವಳಿಗಿಂತ ಮೊದಲು ತಾಯಿಗೆ ಎರಡು ಕೂಸು ಹುಟ್ಟಿ ಹೋಗಿದ್ದವು. ಮೂರನೆಯದು ಹೊಟ್ಟೆಯಲ್ಲಿದ್ದಾಗ ತಾಯಿ ಕಲಬುರಗಿಯ ರೋಜಾ ಭಾಗಕ್ಕೆ ನಡೆದು ಹೋಗಿ ಖಾಜಾ ಬಂದೇನವಾಜರ ದರ್ಗಾದಲ್ಲಿ ಹರಕೆ ಹೊತ್ತಳು. ಕೂಸು ಉಳಿಯಿತು, ಅವರ ಹೆಸರನ್ನೇ ಇಟ್ಟರು. ಮದುವೆಯಾಗಿ ಕಮಲಾಪುರಕ್ಕೆ ಬಂದಳು. ಮಕ್ಕಳಾಗಲಿಲ್ಲ. ಗಂಡ ಲಾರಿ ಡ್ರೈವರ್. ಕಲಬುರಗಿಯ ಮಿಲ್ಲುಗಳಿಂದ ತೊಗರಿಬೇಳೆ ತುಂಬಿಕೊಂಡು ಉತ್ತರದ ಕಡೆ ಹೋಗುತ್ತಿದ್ದ. ಇಷ್ಟನ್ನು ಪಾರ್ವತೀಬಾಯಿ ಒಂದೇ ದಿನ ಕೇಳಿದ್ದಲ್ಲ. ಏಕಾದಶಿಗೆ ಇಷ್ಟಿಷ್ಟೇ, ಒಂದು ವರ್ಷದ ಮೇಲಾಯಿತು.

ಗಂಡ ಗಪ್ಪಾ ಹೊಡೆಯುವುದರಲ್ಲಿ ಊರಿಗೇ ಹೆಸರಾದವನು. ಕೊಲ್ಲಾಪುರದಲ್ಲಿ ಮೆಣಸಿನಕಾಯಿ ತಿಂದ ಎಮ್ಮೆಯೊಂದು ಕೆಂಪು ಹಾಲು ಕೊಡುತ್ತದೆ ಎಂದು ಒಮ್ಮೆ ಬಂದು ಹೇಳಿದ್ದ. ಕಟ್ಟೆಯ ಮೇಲೆ ಕೂತವರು ಬಿದ್ದು ಬಿದ್ದು ನಕ್ಕಿದ್ದರು. ಬಂಡೆಮ್ಮ ಮಾತ್ರ, "ಕೆನಿ ಯಾವ ಬಣ್ಣದ್ದರೀ?" ಎಂದು ಕೇಳಿದ್ದಳಂತೆ.

"ಅದಕ್ಕ ಏನಂದ?" ಎಂದು ಪಾರ್ವತೀಬಾಯಿ ಕೇಳಿದರು.

"ಗುಲಾಬಿ ಅಂದ್ರು." ಬಂಡೆಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. "ಒಂದು ಕ್ಷಣ ತಡಾ ಮಾಡಲಿಲ್ಲ ನೋಡ್ರಿ."

ಹದಿನೆಂಟು ವರ್ಷದ ಹಿಂದೆ ಒಂದು ಮಾಗಿಯ ಸಂಜೆ, ಎದುರಿನ ಎಸ್‌ಟಿಡಿ ಅಂಗಡಿಗೆ ಅವನ ಫೋನು ಬಂತು. ಬಂಡೆಮ್ಮ ಓಡಿ ಹೋಗಿ ಹಿಡಿದಳು. ಅವನು ಹೇಳಿದ್ದನ್ನು ಅವಳು ಅಕ್ಷರ ತಪ್ಪದೆ ಇಟ್ಟುಕೊಂಡಿದ್ದಳು. "ಬಂಡಿ, ನಾ ಪುಷ್ಕರದಾಗ ಅದೀನಿ. ಇಲ್ಲೊಂದು ಕೆರಿ ಅದ, ಸುತ್ತಾ ಪಾವಟಿಗಿ. ಬ್ರಹ್ಮದೇವರ ಗುಡಿ ಅದ, ಬಾಗಲ ಮ್ಯಾಲ ಹಂಸಾ ಕುಂತದ. ಒಳಗ ನೆಲದಾಗ ಬೆಳ್ಳಿ ಆಮಿ, ಅದರ ಸುತ್ತಾ ರೂಪಾಯಿ ನಟ್ಟಾರ. ಮಂದಿ ತುಳಕೋತ ಹೋಗ್ತಾರ, ಒಬ್ಬರೂ ಕೀಳಂಗಿಲ್ಲ! ಕೆರಿ ತುಂಬಾ ತಾವರಿ, ನೀರೇ ಕಾಣಂಗಿಲ್ಲ. ಮುಂದಿನ ಸಲ ನಿನ್ನ ಕರಕೊಂಡು ಬರ್ತೀನಿ, ಸೀರಿ ತಯಾರ ಮಾಡಿ ಇಟ್ಟಕೋ."

ಎಂಟು ದಿನಕ್ಕೆ ಲಾರಿ ಬಂತು. ಅವನು ಬರಲಿಲ್ಲ. ಜೊತೆಗಿದ್ದ ಇನ್ನೊಬ್ಬ ಡ್ರೈವರ್ ಹೇಳಿದ: ಅಜ್ಮೇರದ ಹತ್ತಿರ ಮಾಲು ಇಳಿಸಲು ಒಂದು ದಿನ ನಿಂತಿದ್ದೆವು, ಅವನು ಮುಂಜಾನೆ ಹೋದವನು ಕತ್ತಲಾದ ಮೇಲೆ ಬಂದ, ಎಲ್ಲಿಗೆ ಹೋಗಿದ್ದನೋ ನಾನು ಕೇಳಲಿಲ್ಲ, ವಾಪಸ್ಸು ಬರುವಾಗ ಒಂದು ದಾಬಾದಲ್ಲಿ ಚಹಾ ಕುಡಿದು ಎದ್ದು ಆಚೆ ಹೋದ, ಮತ್ತೆ ಬರಲಿಲ್ಲ, ಎರಡು ದಿನ ಹುಡುಕಿದೆ. ಪೊಲೀಸರು ಫೋಟೋ ತೆಗೆದುಕೊಂಡರು. ಫೋಟೋ ಅವರಲ್ಲೇ ಉಳಿಯಿತು.

ಊರು ಸುಮ್ಮನೆ ಬಿಡುತ್ತದೆಯೇ? "ನೆಲದಾಗ ರೂಪಾಯಿ ನಟ್ಟಾರಂತ, ಯಾರೂ ಕೀಳಂಗಿಲ್ಲಂತ! ಯಾವ ಪುಷ್ಕರ, ಯಾವ ಕೆರಿ? ಯಾವಾಕಿ ಮನಿಯಾಗ ಕುಂತು ಫೋನ್ ಮಾಡಿದ್ನೋ, ಅಲ್ಲೇ ಉಳಕೊಂಡ." ಇದನ್ನು ಬಂಡೆಮ್ಮ ಹಣ್ಣಿನ ಮೇಲಿನ ಧೂಳು ಒರೆಸುತ್ತ, ಬೇರೆ ಯಾರದೋ ಸುದ್ದಿಯ ಹಾಗೆ ಹೇಳಿದಳು. ಆಮೇಲೆ ಬಟ್ಟೆ ಕೆಳಗಿಟ್ಟಳು.

"ಬರೋದು ಬಿಡೋದು ದೇವರಿಗೆ ಬಿಟ್ಟೀನ್ರಿ ಬಾಯಾರ. ಆದರ ಕಡೀ ಮಾತು ನನಗ ಖರೇ ಹೇಳಿದ್ರೋ, ಸುಳ್ಳು ಹೇಳಿದ್ರೋ? ಅದೊಂದು ತಿಳಿದ್ರ ಸಾಕು. ನಾ ಹೆಂಗರೆ ಇರ್ತೀನಿ."

"ಈಗ ಫೋನಿನಾಗ ಎಲ್ಲಾ ಊರು ಕಾಣ್ತಾವಂತಲ್ಲ?"

"ಮೈದುನ ತೋರಿಸಾಕ ಬಂದಿದ್ದ. ಬ್ಯಾಡ ಅಂದೆ. ಫೋನಿನಾಗ ಕೇಳಿದ್ದಕ್ಕ ಫೋನೇ ಸಾಕ್ಷಿ ಹೇಳಿದ್ರ ಹೆಂಗ ನಂಬಲಿ? ಕಾಲಿದ್ದವರು ಹೋಗಿ ನೋಡಿ ಬರಬೇಕು."

ಆ ಕಾಲು ತಮ್ಮದಾಗುತ್ತದೆಂದು ಪಾರ್ವತೀಬಾಯಿ ಎಣಿಸಿರಲಿಲ್ಲ. ಆ ಅವಕಾಶ ತಂದವರು ಅಕ್ಬರಿ ಬೇಗಂ. ರೋಜಾದಲ್ಲಿ ದರ್ಗಾದ ಹಿಂದಿನ ಓಣಿಯಲ್ಲಿ ಮನೆ. ಮೂವತ್ತು ವರ್ಷದಿಂದ ಪಾರ್ವತೀಬಾಯಿಯವರ ಕುಪ್ಪಸ ಹೊಲಿದವರು ಅವರೇ. ಈಗ ಕಣ್ಣು ಮಂಜಾಗಿ ಹೊಲಿಗೆ ಬಿಟ್ಟಿದ್ದರು, ಮಾತು ಬಿಟ್ಟಿರಲಿಲ್ಲ. ಉರುಸಿನ ಗದ್ದಲ ಮುಗಿದ ಮೇಲೆ ಅಜ್ಮೇರಿಗೆ ಹೋಗುತ್ತೇನೆ, ಜೊತೆಗೆ ಬರುವ ಸೊಸೆಗೆ ಮೈ ಸರಿಯಿಲ್ಲ, ಟಿಕೀಟು ಒಂದು ಉಳಿದಿದೆ ಎಂದರು.

"ಅಜ್ಮೇರ್ ಬಾಜೂಕ ಗುಡ್ಡ, ಗುಡ್ಡದ ಆಕಡಿ ನಿಮ್ಮ ಪುಷ್ಕರ್. ಬಾ ಬಾಯಿ. ನಂದು ನೀ ನೋಡು, ನಿಂದು ನಾ ನೋಡ್ತೀನಿ."

ಗಂಡ ವಿಜಯೀಂದ್ರರಾವ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವರಿದ್ದಾಗಲೂ ಪಂಢರಪುರದ ಆಚೆ ಪಾರ್ವತೀಬಾಯಿ ಹೋದವರಲ್ಲ. ಆ ರಾತ್ರಿ ಅವರು ಸುಮಧ್ವನಿಗೆ ಹೇಳಿದ್ದು ಇಷ್ಟೇ: "ನಾ ಹೋಗ್ತೀನಿ. ನನಗಲ್ಲ, ಒಬ್ಬರ ಕೆಲಸ ಅದ."

ಸುದ್ದಿ ಹೇಳಲು ಕಮಲಾಪುರಕ್ಕೆ ಹೋದಾಗ ಬಂಡೆಮ್ಮ ವ್ಯಾಪಾರ ಬಿಟ್ಟು ಕೂತಳು. ಗಿರಾಕಿಯೊಬ್ಬ ಬಂದು ನಿಂತು, ಬೇಸತ್ತು ಪಕ್ಕದ ಅಂಗಡಿಗೆ ಹೋದ. ಆಮೇಲೆ ಪಾರ್ವತೀಬಾಯಿಯವರ ಸೆರಗಿನ ತುದಿ ಹಿಡಿದು ಒಂದೊಂದೇ ಗಂಟು ಹಾಕಿದಳು. "ಇದು ಹಂಸ. ಇದು ನೆಲದಾಗಿನ ರೂಪಾಯಿ. ಇದು ತಾವರಿ." ನಾಲ್ಕನೆಯ ಗಂಟು ಹಾಕುವಾಗ ಅವಳ ದನಿ ಇಳಿಯಿತು. "ಇದು ಅವರ ಹೆಸರಲೆ ಒಂದು ಮುಳುಗು." ಹೋಗಲಾರದವರ ಹೆಸರಿನಲ್ಲಿ ಹೋದವರು ಮುಳುಗು ಹಾಕಿ ಬರುವುದು ಊರೂರಿನ ರೂಢಿ.

ಅರ್ಧ ಡಜನ್ ಹಣ್ಣನ್ನೂ ಕೊಟ್ಟಳು. ಪುಷ್ಕರ ಮುಟ್ಟುವ ದಿನವೇ ಏಕಾದಶಿ ಬರುತ್ತಿತ್ತು. "ಶನಿವಾರ, ಹನ್ನೆರಡರ ಮ್ಯಾಲ" ಎಂದಳು.

ಹೈದರಾಬಾದಿನಲ್ಲಿ ಗಾಡಿ ಬದಲಿಸಿದರು. ಪಾರ್ವತೀಬಾಯಿಯವರ ಚೀಲದಲ್ಲಿ ಅವಲಕ್ಕಿ, ಶೇಂಗಾದ ಹೋಳಿಗೆ, ಚಕ್ಕುಲಿ, ನೀರಿನ ತಂಬಿಗೆ. ಅಕ್ಬರಿ ಬೇಗಂ ಅದನ್ನು ಮೇಲೆ ಕೆಳಗೆ ನೋಡಿದರು. "ನಿನ್ನ ಚೀಲಾ ನೋಡಿದ್ರ ಪುಷ್ಕರ್‌ದಾಗ ಬರಗಾಲ ಬಿದ್ದಂಗ ಕಾಣ್ತದ."

"ನಿನ್ನ ಬಾಯಿ ನೋಡಿದ್ರ ಈ ಚೀಲ ಅಜ್ಮೇರ ಮುಟ್ಟೂದಿಲ್ಲ" ಎಂದು ಪಾರ್ವತೀಬಾಯಿ ಹೋಳಿಗೆ ಮುರಿದು ಕೊಟ್ಟರು.

ಹಣ್ಣಿನ ಚೀಲವನ್ನು ಮಾತ್ರ ಮಡಿಲಿನಿಂದ ಇಳಿಸಲಿಲ್ಲ. ಉತ್ತರಕ್ಕೆ ಹೋದ ಹಾಗೆ ಚಳಿ ಏರಿತು. ಶುಕ್ರವಾರ ಒತ್ತಿ ನೋಡಿದರೆ ಹಣ್ಣು ಕಲ್ಲಿನಂತಿತ್ತು. ಅಕ್ಬರಿ ಬೇಗಂ ತಮ್ಮ ಉಣ್ಣೆಯ ಶಾಲು ಬಿಚ್ಚಿ ಹಣ್ಣಿಗೆ ಸುತ್ತಿದರು. ತಾವು ಎರಡು ಸೀರೆ ಹೊದ್ದು ಕೂತರು. "ಕೂಸಿಗೆ ಥಂಡಿ ಹತ್ಯದ" ಎಂದರು. ಆದರೂ ಅದು ಹಣ್ಣಾಗಲಿಲ್ಲ. ಕಮಲಾಪುರದ ಬಿಸಿಲಿಗೆ ಲೆಕ್ಕ ಹಾಕಿದ ಹೆಬ್ಬೆರಳಿಗೆ ಈ ಚಳಿ ಗೊತ್ತಿರಲಿಲ್ಲ.

ಅಜ್ಮೇರಿನ ದರ್ಗಾದಲ್ಲಿ ಪಾರ್ವತೀಬಾಯಿ ಹೊರಗಿನ ಕಟ್ಟೆಯ ಮೇಲೆ ಅಕ್ಬರಿಯವರ ಚಪ್ಪಲಿ ಕಾಯುತ್ತ ಕೂತರು. ಮರುದಿನ ಗುಡ್ಡ ದಾಟಿ ಪುಷ್ಕರದಲ್ಲಿ ಬಸ್ಸಿಳಿದಾಗ, ಬ್ರಹ್ಮನ ಗುಡಿಯ ಮೆಟ್ಟಿಲ ಕೆಳಗೆ ಅಕ್ಬರಿ ಬೇಗಂ ಕೂತರು. "ಈಗ ನನ್ನ ಪಾಳಿ. ನಿನ್ನ ಚಪ್ಪಲಿ ನಾ ಕಾಯ್ತೀನಿ. ನೀ ರೂಪಾಯಿ ನೋಡಿ ಬಾ. ಕೀಳಬ್ಯಾಡ ಮತ್ತ."

ಪಾರ್ವತೀಬಾಯಿ ಒಂದೊಂದೇ ಮೆಟ್ಟಿಲು ಹತ್ತಿದರು. ಬಾಗಿಲ ಹತ್ತಿರ ನಿಂತು ಕತ್ತು ಎತ್ತಿದರು. ಹಂಸ ಇತ್ತು. ರೆಕ್ಕೆ ಬಿಚ್ಚಿ, ಬಾಗಿಲ ಮೇಲೆ. ಅವರು ಸೆರಗಿನ ಮೊದಲ ಗಂಟು ಬಿಚ್ಚಿದರು.

ಒಳಗೆ ಜನರ ನೂಕು. ದೇವರನ್ನು ನೋಡುವ ಮೊದಲು ಅವರು ನೆಲ ನೋಡಿದರು. ಬೆಳ್ಳಿಯ ಆಮೆ, ಗರ್ಭಗುಡಿಗೆ ಮುಖ ಮಾಡಿ. ಅದರ ಸುತ್ತ ಹಾಲುಗಲ್ಲಿನ ನೆಲದಲ್ಲಿ ನಾಣ್ಯ, ನಾಣ್ಯ, ನಾಣ್ಯ. ಯಾರೋ ತೀರಿಕೊಂಡವರ ಹೆಸರಿಗೆ, ಯಾರೋ ಹುಟ್ಟಿದವರ ಹೆಸರಿಗೆ ಭಕ್ತರು ನೆಡಿಸಿದ ಬೆಳ್ಳಿ ರೂಪಾಯಿಗಳು. ಜನ ಅವನ್ನು ತುಳಿಯುತ್ತ ಹೋಗುತ್ತಿದ್ದರು. ಒಬ್ಬರೂ ಬಗ್ಗಲಿಲ್ಲ. ಪಾರ್ವತೀಬಾಯಿ ಮಾತ್ರ ಮೊಣಕಾಲೂರಿ ಕೂತು, ಅಂಗೈ ಅಗಲಿಸಿ, ನೆಲದ ಮೇಲೆ ಆಡಿಸಿದರು. ತಣ್ಣಗೆ, ನುಣ್ಣಗೆ. ಗೋಡೆಯ ಬದಿಗೆ ಬಂದಾಗ ಬೆರಳು ಒಂದು ಕಡೆ ಇಳಿಯಿತು. ಅಲ್ಲಿ ನಾಣ್ಯವಿರಲಿಲ್ಲ. ನಾಣ್ಯದಷ್ಟೇ ದುಂಡನೆಯ ಗುಳಿ, ಒಳಗೆ ಹಳೆಯ ಕಪ್ಪು ಕೊಳೆ. ಹಿಂದಿನಿಂದ ಯಾರೋ "ಮಾತಾಜಿ, ಚಲೋ ಚಲೋ" ಎಂದು ಅವಸರ ಮಾಡಿದರು. ಅವರು ಎದ್ದು ಕೈಮುಗಿದು, ಎರಡನೆಯ ಗಂಟು ಬಿಚ್ಚಿದರು.

ಮೂರನೆಯ ಗಂಟು ಬಿಚ್ಚಲಾಗಲಿಲ್ಲ.

ಕೆರೆ ಇತ್ತು. ಸುತ್ತಲೂ ನೀರಿಗಿಳಿಯುವ ಬಿಳಿಯ ಪಾವಟಿಗೆಗಳಿದ್ದವು. ಪಾರಿವಾಳಗಳಿದ್ದವು. ನೀರು ಬೂದು ಬಣ್ಣದ್ದು, ಬಿಸಿಲಿಗೆ ಮಿನುಗುತ್ತಿತ್ತು. ತಾವರೆ ಇರಲಿಲ್ಲ. ಆ ಬದಿಗೆ ಇರಬಹುದು ಎಂದು ಪಾರ್ವತೀಬಾಯಿ ಬರಿಗಾಲಲ್ಲಿ ಒಂದು ಘಾಟಿನಿಂದ ಇನ್ನೊಂದಕ್ಕೆ ನಡೆದರು. ಅಕ್ಬರಿ ಬೇಗಂ ಹಿಂದೆ ಹಿಂದೆ ಗೊಣಗುತ್ತ ಬಂದರು. "ಕೈಕು ಬಾಯಿ, ಯಾಕ ಹೂವಿನ ಸಲುವಾಗಿ ಮೊಣಕಾಲು ಮುರಕೋತೀ? ಇಲ್ಲ ಅಂದ್ರ ಇಲ್ಲ."

"ಪೂರಾ ನೋಡದ ಇಲ್ಲ ಅನಬಾರದು."

ಪೂರಾ ನೋಡಿದರು. ಒಂದು ಸುತ್ತು ಮುಗಿಯಲು ಎರಡು ತಾಸು ಹಿಡಿಯಿತು. ಎಲೆಯೂ ಇರಲಿಲ್ಲ. ಮಣಿ ಮಾರುವ ಮುದುಕನೊಬ್ಬನನ್ನು ಕೇಳಿದರು. ಮರಾಠಿ ಗೊತ್ತಿದ್ದುದರಿಂದ ಹಿಂದಿ ಅವರಿಗೆ ತಕ್ಕಮಟ್ಟಿಗೆ ಬರುತ್ತಿತ್ತು. ಬ್ರಹ್ಮದೇವರ ಕೈಯಿಂದ ತಾವರೆ ಬಿದ್ದೇ ಈ ಕೆರೆ ಹುಟ್ಟಿತು ಎಂದು ಅವನು ಕಥೆ ಹೇಳಿದ. ನೀನು ಕಣ್ಣಾರೆ ಕಂಡಿದ್ದೀಯಾ ಎಂದರೆ ನಕ್ಕ. ಅರವತ್ತು ವರ್ಷದಿಂದ ಇಲ್ಲೇ ಇದ್ದೇನೆ, ಕಂಡಿಲ್ಲ ಎಂದ.

ಉಳಿದದ್ದು ಮುಳುಗು. ಘಾಟಿನ ಪುರೋಹಿತ ಅಂಗೈಯಲ್ಲಿ ನೀರು ಹಾಕಿ, ಹೂವಿಟ್ಟು, ಯಾರ ಹೆಸರಿನಲ್ಲಿ ಎಂದು ಕೇಳಿದ. ಪಾರ್ವತೀಬಾಯಿ ಬಾಯಿ ತೆರೆದರು.

ಹೆಸರು ಅವರಿಗೆ ಗೊತ್ತಿರಲಿಲ್ಲ.

ಒಂದೂವರೆ ವರ್ಷ ಅವನ ಮಾತು ಕೇಳಿದ್ದರು. ಅವನ ಎಮ್ಮೆಯ ಹಾಲಿನ ಬಣ್ಣ ಗೊತ್ತಿತ್ತು. ಆದರೆ ಬಂಡೆಮ್ಮ ಅವನನ್ನು "ಅವರು" ಎನ್ನುತ್ತಿದ್ದಳು, "ನಮ್ಮನಿಯವರು" ಎನ್ನುತ್ತಿದ್ದಳು. ಗಂಡನ ಹೆಸರು ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ ಹೆಂಗಸು. ಹಾಗೆ ನಂಬಿಯೇ ಬೆಳೆದ ಪಾರ್ವತೀಬಾಯಿಯೂ ಕೇಳುವುದು ತಪ್ಪೆಂದು ಕೇಳಿರಲಿಲ್ಲ. ಇಬ್ಬರ ಮರ್ಯಾದೆಯ ನಡುವೆ ಹೆಸರು ಕಮಲಾಪುರದಲ್ಲೇ ಉಳಿದುಬಿಟ್ಟಿತ್ತು.

"ಯಾ ಅಲ್ಲಾ" ಎಂದು ಅಕ್ಬರಿ ಬೇಗಂ ಹಣೆ ಬಡಿದುಕೊಂಡರು. "ಎರಡು ಸಾವಿರ ಕಿಲೋಮೀಟರ್ ಬಂದಿ, ಹೆಸರು ಮನಿಯಾಗ ಬಿಟ್ಟು ಬಂದಿ!" ಆದರೆ ಮಾತು ಮುಗಿಯುವ ಮೊದಲೇ ಫೋನು ತೆಗೆದು ಕೈಗಿಟ್ಟರು.

ಆ ಕಡೆ ಬಂಡೆಮ್ಮನ ದನಿಗಿಂತ ಮೊದಲು ಲಾರಿಗಳ ಹಾರ್ನು ಕೇಳಿಸಿತು.

"ಬಂಡೆಮ್ಮಾ, ನೀರಿನಾಗ ನಿಂತೀನಿ. ಹೆಸರು ಬೇಕು. ನಿಮ್ಮ ಯಜಮಾನರ ಹೆಸರು."

"ನಾ ಹೆಂಗ ಹೇಳಲಿರೀ ಬಾಯಾರ?"

"ಬಾಜೂ ಅಂಗಡಿಯವರಿಗೆ ಕೊಡು ಫೋನು. ಅವರು ಹೇಳ್ತಾರ."

"ಬ್ಯಾಡ್ರಿ." ದನಿ ಗಟ್ಟಿಯಾಯಿತು. "ಹದಿನೆಂಟು ವರ್ಷ ಮಂದಿ ಬಾಯಾಗ ಆ ಹೆಸರು ಎಂಜಲಾಗ್ಯದ. ನಾನೇ ಹೇಳ್ತೀನಿ. ತಡೀರಿ."

ಮದುವೆ, ಸೀಮಂತಗಳಲ್ಲಿ ಬಾಗಿಲಿಗೆ ಅಡ್ಡ ನಿಂತು ಮುತ್ತೈದೆಯರಿಗೆ ಗಂಡನ ಹೆಸರು ಕೇಳುತ್ತಾರೆ. ಬರಿದೆ ಹೇಳುವ ಹಾಗಿಲ್ಲ. ಎರಡು ಸಾಲಿನ ಒಡಪು ಕಟ್ಟಿ, ಕಾಯಿಯೊಳಗೆ ನೀರಿಟ್ಟ ಹಾಗೆ ಹೆಸರನ್ನು ಅದರೊಳಗಿಟ್ಟು ಹೇಳಬೇಕು. ಹಾಗೆ ಹೇಳಿದರೆ ಆಯುಷ್ಯಕ್ಕೆ ದೋಷವಿಲ್ಲ. ಗಂಡ ಹೋದ ಮೇಲೆ ಬಂಡೆಮ್ಮನ ಪಾಳಿ ಬಂದಾಗ ಹೆಂಗಸರು ಮುಖ ಆಚೆ ತಿರುಗಿಸಿ ಮುಂದಿನವಳನ್ನು ಕೇಳುತ್ತಿದ್ದರು. ಪಾರ್ವತೀಬಾಯಿಯನ್ನೂ ನಾಲ್ಕು ವರ್ಷದಿಂದ ಯಾರೂ ಕೇಳಿರಲಿಲ್ಲ.

ಫೋನಿನಲ್ಲಿ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಹೊಸ ಮದುಮಗಳು ಹೇಳುವ ರಾಗದಲ್ಲಿ:

"ಕಮಲಾಪುರದ ಕೆಂಬಾಳಿ, ಕಾಯಬೇಕು ಹದಿನೆಂಟು ತಿಂಗಳಾ,
ಅಮರನಾಥರು ಬರೋ ಹಾದಿಗೆ ನನ್ನ ಅಂಗಡಿನೇ ಅಂಗಳಾ."

ಹಿಂದಿನಿಂದ ಯಾರೋ ಕೂಗಿದ್ದು ಕೇಳಿಸಿತು: "ಏ, ಬಂಡೆಮ್ಮ ಒಡಪು ಹೇಳಿದಳಬೇ!" ಆಮೇಲೆ ನಗೆ, ಆಮೇಲೆ ಬಳೆಗಳ ಸದ್ದು. ಫೋನು ನಿಂತಿತು.

ಪಾರ್ವತೀಬಾಯಿ ಪುರೋಹಿತನಿಗೆ ಹೆಸರು ಹೇಳಿದರು. ಅವನು ರೂಢಿಯಂತೆ ಕೇಳಿದ: ಬದುಕಿರುವವರೋ, ಸ್ವರ್ಗವಾಸಿಗಳೋ? ಎರಡಕ್ಕೂ ಮಂತ್ರ ಬೇರೆ.

ಅವರು ತುಸು ಯೋಚಿಸಿದರು. "ರಾಸ್ತೇ ಮೇ ಹೈಂ, ಮಹಾರಾಜ್" ಎಂದರು. ದಾರಿಯಲ್ಲಿದ್ದಾರೆ.

ಪುರೋಹಿತ ಅವರ ಬೋಳು ಹಣೆಯನ್ನು ನೋಡಿದ, ಹಿಂದೆ ಶಾಲು ಹಿಡಿದು ನಿಂತ ಬುರ್ಖಾದ ಹೆಂಗಸನ್ನು ನೋಡಿದ. ಏನೂ ಕೇಳದೆ ಅಂಗೈಗೆ ಮತ್ತಷ್ಟು ನೀರು ಹಾಕಿದ. ಪಾರ್ವತೀಬಾಯಿ ಮುಳುಗಿದರು. ಮೊದಲು ಅಮರನಾಥನಿಗೆ. ಆಮೇಲೆ ತಮ್ಮವರಿಗೆ, ಹೆಸರನ್ನು ಮನಸ್ಸಿನೊಳಗೇ ಹೇಳಿಕೊಂಡು. ಮೇಲೆದ್ದು ನಾಲ್ಕನೆಯ ಗಂಟು ಬಿಚ್ಚುವಾಗ ಹಲ್ಲು ಕಟಕಟ ಅನ್ನುತ್ತಿತ್ತು. ಅಕ್ಬರಿ ಬೇಗಂ ಬಾಳೆಹಣ್ಣಿಗೆ ಸುತ್ತಿದ್ದ ಶಾಲನ್ನೇ ಬಿಚ್ಚಿ ಹೊದಿಸಿದರು.

ಆ ಏಕಾದಶಿಗೆ ಅವರು ಅರೆಕಾಯಿ ಬಾಳೆಯನ್ನು ಕಚ್ಚಿ ತಿಂದರು.

ಊರಿಗೆ ಬಂದ ನಾಲ್ಕನೆಯ ದಿನ ಕಮಲಾಪುರಕ್ಕೆ ಹೋದರು. ಬಸ್ಸಿನ ಪೂರ್ತಿ ದಾರಿ ಮೂರನೆಯ ಗಂಟನ್ನು ಬೆರಳಲ್ಲಿ ಹಿಡಿದಿದ್ದರು. ಒಂದು ತಾವರೆ ಕಂಡೆ ಎಂದರೆ ಏನು ಹೋಯಿತು? ಹೋಗಿ ನೋಡುವವರು ಯಾರು? ಆದರೆ ಕಾಲಿದ್ದವರನ್ನು ಕಳಿಸಿದ್ದು ಇದಕ್ಕಲ್ಲ.

ಬಂಡೆಮ್ಮ ಹೊಸ ಸೀರೆ ಉಟ್ಟು ಕೂತಿದ್ದಳು. "ಹೇಳ್ರಿ" ಎಂದಳು.

"ಹಂಸ ಅದ. ಬಾಗಲ ಮ್ಯಾಲೇ ಅದ."

"ಹೂಂ."

"ನೆಲದಾಗ ಬೆಳ್ಳಿ ಆಮಿ ಅದ. ಅದರ ಸುತ್ತ ರೂಪಾಯಿ ಅವ. ಕೈ ಆಡಿಸಿ ನೋಡೀನಿ. ಮಂದಿ ತುಳಕೋತ ಹೋಗ್ತಾರ."

"ಕೀಳಂಗಿಲ್ಲ?"

"ಒಬ್ಬರೂ ಬಗ್ಗಲಿಲ್ಲ."

ಬಂಡೆಮ್ಮನ ಕಣ್ಣು ತುಂಬಿದವು. ಒರೆಸಲಿಲ್ಲ. ಪಾರ್ವತೀಬಾಯಿ ಸೆರಗನ್ನು ಮುಂದೆ ಹಿಡಿದರು. ಒಂದು ಗಂಟು ಹಾಗೇ ಇತ್ತು.

"ತಾವರಿ ಇಲ್ಲ ಬಂಡೆಮ್ಮಾ. ಸುತ್ತು ಹಾಕಿ ನೋಡಿದೆ. ಒಂದೂ ಇಲ್ಲ. ಅಲ್ಲಿಯವರನ್ನ ಕೇಳಿದೆ. ಅರವತ್ತು ವರ್ಷದಾಗ ಕಂಡಿಲ್ಲ ಅಂದರು."

ಬಂಡೆಮ್ಮ ಗಂಟನ್ನು ನೋಡುತ್ತ ಕೂತಳು. ಆಮೇಲೆ ಅವಳ ಹೆಗಲು ಅಲುಗಿತು. ಅಳುತ್ತಿದ್ದಾಳೆ ಎಂದು ಪಾರ್ವತೀಬಾಯಿ ಅಂದುಕೊಂಡರು. ಅವಳು ನಗುತ್ತಿದ್ದಳು. ಸೆರಗು ಬಾಯಿಗೆ ಹಿಡಿದರೂ ತಡೆಯದ ನಗೆ. ಪಕ್ಕದ ಅಂಗಡಿಯವರು ಇಣುಕಿದರು.

"ಅವರೇ ರೀ ಬಾಯಾರ! ಅವರೇ! ಮೂರೂ ಖರೇ ಇದ್ವು ಅಂದಿದ್ರ ಯಾರೋ ಹೇಳಿಕೊಟ್ಟದ್ದನ್ನ ಒಪ್ಪಿಸ್ಯಾರ ಅಂತಿದ್ದೆ. ಇದ್ದದ್ದು ನೋಡಿ, ಇಲ್ಲದ್ದು ಒಂದು ಕೂಡಿಸಿ ಹೇಳ್ಯಾರ. ಕೆರಿ ದಂಡ್ಯಾಗ ನಿಂತು, ಬಂಡಿ ಊರು ಕಮಲಾಪುರ ಅಲ್ಲೇನು, ತಾವರಿ ಇದ್ರ ಚಂದ ಆಗ್ತದ ಅಂತ ನನ್ನ ಸಲುವಾಗಿ ತುಂಬ್ಯಾರ. ಅಲ್ಲೇ ಇದ್ರು. ನೂರಕ್ಕ ನೂರು ಅಲ್ಲೇ ಇದ್ರು." ಅವಳೇ ಆ ಗಂಟನ್ನು ಬಿಚ್ಚಿದಳು. ಬಹಳ ಬಿಗಿದಿತ್ತು, ಹಲ್ಲು ಹಚ್ಚಬೇಕಾಯಿತು.

"ನಿನ್ನ ಹಣ್ಣೂ ಸುಳ್ಳು ಹೇಳ್ತು" ಎಂದರು ಪಾರ್ವತೀಬಾಯಿ. "ಶನಿವಾರ ಅಂದಿದ್ದಿ. ಕಲ್ಲಿನಂಗಿತ್ತು."

"ಹೌದಾ?" ಬಂಡೆಮ್ಮ ಕಣ್ಣೊರೆಸಿಕೊಂಡಳು. "ಇರಲಿ ಬಿಡ್ರಿ. ಗಂಡ ಹೆಂಡ್ತಿ ಇಬ್ಬರದೂ ಒಂದೊಂದು."

ಗೋಡೆಯ ಬದಿಯ ಗುಳಿಯ ಮಾತು ಮಾತ್ರ ಆ ನಗೆಯಲ್ಲಿ ಉಳಿದುಹೋಯಿತು. ಅವಳು ಕೇಳಲಿಲ್ಲ, ಇವರು ಹೇಳಲಿಲ್ಲ.

ಆ ವರ್ಷದ ಮದುವೆಗಳಲ್ಲಿ ಬಂಡೆಮ್ಮನನ್ನು ಬಾಗಿಲಲ್ಲಿ ತಡೆದು ಒಡಪು ಕೇಳಿದರಂತೆ. ಎರಡು ಕಡೆ ಹೇಳಿದಳಂತೆ, ಎರಡೂ ಬೇರೆ ಬೇರೆ. ವೈಶಾಖದಲ್ಲಿ ಅವಳಿಗೆ ಕಾಮಾಲೆ ಹತ್ತಿತು. ಊರ ಔಷಧಿಯಲ್ಲಿ ದಿನ ಕಳೆದು, ಹೊಟ್ಟೆ ಊದಿದ ಮೇಲೆ ಮೈದುನ ಕಲಬುರಗಿಯ ಆಸ್ಪತ್ರೆಗೆ ತಂದು ಹಾಕಿದ.

ಪಾರ್ವತೀಬಾಯಿ ಅಕ್ಬರಿ ಬೇಗಂರನ್ನು ಕರೆದುಕೊಂಡು ಹೋದರು. ಬರಿಗೈಯಲ್ಲಿ ಹೋಗಬಾರದೆಂದು ಬಜಾರಿನಲ್ಲಿ ನಾಲ್ಕು ಬಾಳೆಹಣ್ಣು ಕೊಂಡಿದ್ದರು. ಅಕ್ಬರಿ ಬೇಗಂ ಬಂಡೆಮ್ಮನನ್ನು ನೋಡಿದ್ದು ಅದೇ ಮೊದಲು. "ಹಮಾರೆ ಖಾಜಾ ಕಿ ಬೇಟಿ", ನಮ್ಮ ಖಾಜಾರ ಮಗಳು, ಎಂದು ತಲೆ ನೇವರಿಸಿ, ಬಾಯಲ್ಲಿ ಏನೋ ಓದಿ ಊದಿದರು. ಬಂಡೆಮ್ಮ ಹಣ್ಣು ಕೈಗೆ ತೆಗೆದುಕೊಂಡು, ತೊಟ್ಟಿನ ಹತ್ತಿರ ಹೆಬ್ಬೆರಳಿಟ್ಟಳು. ಬೆರಳು ಹಳದಿಯಾಗಿತ್ತು, ಬಳೆಗಳು ಮೊಣಕೈತನಕ ಜಾರಿದ್ದವು.

"ಔಷಧ ಹೊಡದು ಹಣ್ಣು ಮಾಡ್ಯಾರ್ರೀ ಬಾಯಾರ" ಎಂದಳು. "ಇದಕ್ಕ ವಾರ ಇಲ್ಲ."

ಅಲ್ಲಿಂದ ಮೂರನೆಯ ದಿನ ಅವಳು ಹೋದಳು. ಮಣ್ಣಿಗೆ ಒಯ್ಯುವಾಗ ಹಸಿರು ಬಳೆ ಕೈಯಲ್ಲೇ ಇದ್ದವು. ಒಡೆಯಬೇಕೆಂದು ಯಾರೂ ಅನ್ನಲಿಲ್ಲ.

ಆದರೆ ನೋಡಲು ಹೋದ ಆ ದಿನ, ನರ್ಸಮ್ಮ ಬಂದು ಹೊತ್ತಾಯಿತು ಎಂದು ಹೇಳಿ, ಇಬ್ಬರೂ ಎದ್ದು ಬಾಗಿಲತನಕ ಬಂದಾಗ, ಬಂಡೆಮ್ಮ ಹಿಂದಿನಿಂದ ಕರೆದಳು. ಪಾರ್ವತೀಬಾಯಿ ಹೊಳ್ಳಿ ಹೋಗಿ ಮಂಚದ ಮೇಲೆ ಬಾಗಿದರು. ಅವಳ ಮುಖದಲ್ಲಿ ಎಮ್ಮೆಯ ಕೆನೆಯ ಬಣ್ಣ ಕೇಳಿದ ದಿನದ ತುಂಟತನವಿತ್ತು.

"ಬಾಯಾರ, ಆ ನೆಲದಾಗಿನ ರೂಪಾಯಿ. ನಮ್ಮವರು ಸುಮ್ಮನ ನೋಡಿ ಬರೋ ಪೈಕಿ ಅಲ್ರಿ. ಹೆಂಡ್ತಿಗೆ ತೋರಿಸಾಕಂತ ಒಂದು ಕಿತ್ತಕೊಂಡೇ ಹೊಂಟಿರ್ತಾರ. ಖರೇ ಹೇಳ್ರಿ, ಎಲ್ಲಾ ರೂಪಾಯಿ ಇದ್ದಲ್ಲೇ ಇದ್ವೇನ್ರಿ?"